ತಾಳೆ ಜಾತಿಯ ಮರಗಳಲ್ಲಿ ರಸ ಹೀರುವ ಕಿರುಕೀಟಗಳು: ಗುರುತಿಸುವ ಕ್ರಮ ಮತ್ತು ಹತೋಟಿ

ತೆಂಗು, ಅಡಿಕೆ, ಖರ್ಜೂರ ಮತ್ತು ಕುಂಡದಲ್ಲಿ ಬೆಳೆಸುವ ಅಲಂಕಾರಿಕ ಪಾಮ್‌ಗಳಲ್ಲಿ ಗರಿ ಹಳದಿಯಾಯಿತೆಂದರೆ ಮೊದಲು ಬರುವ ಪ್ರಶ್ನೆ ಯಾವ ಔಷಧಿ ಹೊಡೆಯಬೇಕು ಎಂಬುದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಹಳದಿ ಬಣ್ಣಕ್ಕೆ ಕೀಟವೇ ಕಾರಣವೇ, ಕೀಟವಾದರೆ ಅದು ಯಾವ ಗುಂಪಿನದು, ಈಗ ಕಾಣುತ್ತಿರುವುದು ಜೀವಂತ ಕೀಟವೋ ಅಥವಾ ಎಂದೋ ಸತ್ತುಹೋದುದರ ಸಿಪ್ಪೆಯೋ, ಅದನ್ನು ತಿನ್ನುವ ಮಿತ್ರಜೀವಿ ಆಗಲೇ ಬಂದು ಸೇರಿದೆಯೋ ಎಂಬ ನಾಲ್ಕು ಸಂಗತಿಗಳು ತಿಳಿದ ಮೇಲೆ ಔಷಧಿಯ ಆಯ್ಕೆ ಸುಲಭ. ಎಷ್ಟೋ ಸಲ ಔಷಧಿಯೇ ಬೇಕಾಗುವುದಿಲ್ಲ. ಪರೀಕ್ಷೆಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಒಂದು ಗುಂಡುಸೂಜಿ, ಬಿಳಿ ಕಾಗದ ಮತ್ತು ಎರಡೂ ಬದಿಗೆ ಅಂಟಿರುವ ಟೇಪು ಸಾಕು.

ಯಾವ ಗರಿಯಲ್ಲಿ ಲಕ್ಷಣವಿದೆ

ತಾಳೆ ಜಾತಿಯ ಮರದ ತಲೆಯಲ್ಲಿ ವಯಸ್ಸಿನ ಲೆಕ್ಕ ಸ್ಪಷ್ಟವಾಗಿರುತ್ತದೆ: ನಡುವೆ ಸುಳಿ, ಅದರ ಸುತ್ತ ಎಳೆಯ ಗರಿಗಳು, ಕೆಳಗೆ ಬಾಗಿದವು ಹಳೆಯವು. ಪೋಷಕಾಂಶದ ಕೊರತೆ ಈ ಲೆಕ್ಕವನ್ನು ಅನುಸರಿಸುತ್ತದೆ, ಕೀಟ ಸಾಮಾನ್ಯವಾಗಿ ಅನುಸರಿಸುವುದಿಲ್ಲ. ಪೊಟ್ಯಾಸಿಯಂ ಕಡಿಮೆಯಾದಾಗ ಅತಿ ಹಳೆಯ ಗರಿಗಳಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಚುಕ್ಕೆಗಳು ಮೂಡಿ, ಎಲೆಯ ತುದಿ ಒಣಗುತ್ತ ಬರುತ್ತದೆ. ಮೆಗ್ನೀಸಿಯಂ ಕೊರತೆಯಲ್ಲಿ ಹಳೆಯ ಗರಿಯ ಅಂಚಿನುದ್ದಕ್ಕೂ ನಿಂಬೆ ಹಳದಿಯ ಅಗಲವಾದ ಪಟ್ಟಿ ಬಂದು ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಮ್ಯಾಂಗನೀಸ್ ಕೊರತೆ ಇದಕ್ಕೆ ವಿರುದ್ಧವಾಗಿ ಹೊಸ ಗರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವು ಕುಬ್ಜವಾಗಿ, ಸುರುಟಿಕೊಂಡು, ಸುಟ್ಟಂತೆ ಹೊರಬರುತ್ತವೆ. ಈ ಮೂರರಲ್ಲಿಯೂ ಗರಿಯ ತಳಭಾಗವನ್ನು ಎಷ್ಟು ಹುಡುಕಿದರೂ ಕೀಟ ಸಿಗುವುದಿಲ್ಲ, ಮತ್ತು ಯಾವ ಕೀಟನಾಶಕವೂ ಅವನ್ನು ಸರಿಪಡಿಸುವುದಿಲ್ಲ. ಪೊಟ್ಯಾಸಿಯಂ ಕೊರತೆಯ ಗರಿಗಳನ್ನು ಅಂದಗೆಟ್ಟಿವೆಯೆಂದು ಕತ್ತರಿಸಿ ಹಾಕುವ ಅಭ್ಯಾಸ ವ್ಯಾಪಕವಾಗಿದೆ; ಆ ಗರಿಗಳಿಂದಲೇ ಮರವು ಉಳಿದ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿರುವುದರಿಂದ, ಕತ್ತರಿಸಿದರೆ ಕೊರತೆ ಮೇಲಿನ ಗರಿಗಳಿಗೆ ಏರುತ್ತದೆ.

ಕೀಟದ ಹಾನಿ ಒಂದೇ ಗರಿಯಲ್ಲಿಯೂ ಸಮನಾಗಿರುವುದಿಲ್ಲ. ಕೆಲವು ಎಲೆಗಳು ಪೂರ್ತಿ ಹಳದಿ, ಪಕ್ಕದವು ಹಸಿರು. ಒಂದು ಬದಿ ಹಾಳು, ಇನ್ನೊಂದು ಬದಿ ಸರಿ. ಹಳದಿ ಚುಕ್ಕೆಯ ನೇರ ಕೆಳಗೆ, ತಳಭಾಗದಲ್ಲಿ, ಏನಾದರೊಂದು ಕುಳಿತಿರುತ್ತದೆ. ಹೀಗೆ ಮೇಲಿನ ಚುಕ್ಕೆಗೂ ಕೆಳಗಿನ ಕೀಟಕ್ಕೂ ಹೊಂದಿಕೆ ಸಿಕ್ಕರೆ ಮಾತ್ರ ಕೀಟವೇ ಕಾರಣವೆಂದು ಮುಂದುವರಿಯಬಹುದು.

ಗರಿಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ್ದರೆ, ಕಾಂಡದಲ್ಲಿ ತೂತಿದ್ದು ಅಗಿದ ನಾರು ಹೊರಬರುತ್ತಿದ್ದರೆ, ಅಥವಾ ಕಂದು ದ್ರವ ಸೋರುತ್ತಿದ್ದರೆ ಈ ಕೈಪಿಡಿ ಅದಕ್ಕಲ್ಲ. ಅದು ಕುರುವಾಯಿ ದುಂಬಿ ಅಥವಾ ಕೆಂಪು ಮೂತಿ ಹುಳುವಿನ ಕೆಲಸ. ಅದರಲ್ಲೂ ಕೆಂಪು ಮೂತಿ ಹುಳುವಿನ ವಿಷಯದಲ್ಲಿ ಒಂದು ವಾರದ ತಡವೂ ಮರವನ್ನೇ ಕಳೆಯಬಹುದು.

ಅಂಟಿದೆಯೋ, ಒಣಗಿದೆಯೋ

ಕೀಟವಿದೆಯೆಂದು ಖಚಿತವಾದ ಮೇಲೆ ಗರಿಯ ಮೇಲ್ಭಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಈ ಒಂದು ಪರೀಕ್ಷೆ ಶಂಕಿತರ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತದೆ. ಸಸ್ಯದ ಆಹಾರನಾಳದಿಂದ ರಸ ಹೀರುವ ಕೀಟಗಳು, ಅಂದರೆ ಹಿಟ್ಟು ತಿಗಣೆ, ಬಿಳಿ ನೊಣ, ಸಸ್ಯಹೇನು ಮತ್ತು ಮೆದು ಶಲ್ಕ ಕೀಟಗಳು (ಶಲ್ಕ ಕೀಟವೆಂದರೆ ಗಿಡಕ್ಕೆ ಹುರುಪೆಯಂತೆ ಅಂಟಿ ಕೂರುವ ಕೀಟ), ತಮಗೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೀರಿ ಉಳಿದದ್ದನ್ನು ಸಿಹಿ ಅಂಟಾಗಿ ಹೊರಹಾಕುತ್ತವೆ. ಅದು ಕೆಳಗಿನ ಗರಿಗಳ ಮೇಲೆ ಬಿದ್ದು ಮಿನುಗುತ್ತದೆ, ಕೆಲವೇ ದಿನಗಳಲ್ಲಿ ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆಗಳು ಸಾಲುಗಟ್ಟುತ್ತವೆ. ಗಟ್ಟಿ ಚಿಪ್ಪಿನ ಶಲ್ಕ ಕೀಟ ಮತ್ತು ನುಸಿಗಳು ಆಹಾರನಾಳದ ಬದಲು ಎಲೆಯ ಜೀವಕೋಶಗಳನ್ನೇ ಬರಿದು ಮಾಡುವುದರಿಂದ ಅಂಟು ಸುರಿಸುವುದಿಲ್ಲ. ಥ್ರಿಪ್ಸ್ ಎಂಬ ಸಣ್ಣ, ತೆಳು ಮೈಯ ಕೀಟಗಳಲ್ಲಿಯೂ ಜಾಲರಿ ರೆಕ್ಕೆಯ ತಿಗಣೆಗಳಲ್ಲಿಯೂ ಅಂಟು ಕಾಣದು. ಅವು ಇರುವ ಗರಿ ಒಣಗಿ, ಮಾಸಲಾಗಿ ಕಾಣುತ್ತದೆಯೇ ಹೊರತು ಜಿಗುಟಾಗುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಕಪ್ಪು ಬೂಷ್ಟು ಕಾಣುವ ಗರಿಯಲ್ಲಿಯೇ ಕೀಟವನ್ನು ಹುಡುಕಿ, ಸಿಗದೆ, ಇದು ಶಿಲೀಂಧ್ರ ರೋಗವೆಂದು ಶಿಲೀಂಧ್ರನಾಶಕ ಹೊಡೆಯುವವರಿದ್ದಾರೆ. ಬೂಷ್ಟು ಎಲೆಯೊಳಕ್ಕೆ ಇಳಿಯುವುದಿಲ್ಲ. ಬೆಳಕನ್ನು ಮರೆಮಾಡುವುದಷ್ಟೇ ಅದರ ಹಾನಿ. ಕೀಟ ಇರುವುದು ಅದರ ಮೇಲಿನ ಗರಿಯ ತಳಭಾಗದಲ್ಲಿ, ಕೆಲವೊಮ್ಮೆ ಪಕ್ಕದ ಬೇರೆಯೇ ಮರದಲ್ಲಿ. ಆದ್ದರಿಂದ ಮಸಿ ಕಂಡಲ್ಲಿ ತಲೆಯೆತ್ತಿ ಮೇಲೆ ನೋಡಬೇಕು.

ಅಂಟು ಇರುವಾಗ

ಹಿಟ್ಟು ತಿಗಣೆ ಬಿಳಿ ಪುಡಿ ಮೆತ್ತಿದ, ಮೂರು ನಾಲ್ಕು ಮಿಲಿಮೀಟರ್ ಉದ್ದದ, ಅಂಚಿನಲ್ಲಿ ಮೇಣದ ಎಳೆಗಳಿರುವ ಮೆತ್ತನೆಯ ಕೀಟ. ಮಟ್ಟೆ ಕಾಂಡಕ್ಕೆ ಸೇರುವ ಸಂದು, ಬಿಚ್ಚದ ಸುಳಿಯ ಮಡಿಕೆ, ಕಾಯಿಯ ತೊಟ್ಟಿನ ಅಡಿ, ಕುಂಡದ ಗಿಡಗಳಲ್ಲಿ ಬೇರಿನ ಸುತ್ತ, ಹೀಗೆ ಔಷಧಿ ತಲುಪದ ಜಾಗಗಳೇ ಅದಕ್ಕೆ ಪ್ರಿಯ. ಹಿಟ್ಟು ತಿಗಣೆಯ ಗುಂಪಿನ ನಡುವೆ ಅದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ, ಜಡೆಗಟ್ಟಿದ ಬಿಳಿ ಎಳೆಗಳ, ಚುರುಕಾಗಿ ಓಡಾಡುವ ಹುಳು ಕಂಡರೆ ಅದನ್ನು ಮುಟ್ಟಬಾರದು. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತನ್ನ ಬೇಟೆಯ ವೇಷವನ್ನೇ ತೊಟ್ಟು ಅದನ್ನೇ ತಿನ್ನುತ್ತದೆ. 1891ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಿಟ್ಟು ತಿಗಣೆಯ ಹತೋಟಿಗೆಂದೇ ತಂದ ಈ ಹುಳು ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ, ಮತ್ತು ಅತಿ ದೊಡ್ಡ ಹಿಟ್ಟು ತಿಗಣೆಯೆಂದು ತಪ್ಪು ತಿಳಿದು ಅದನ್ನೇ ಮೊದಲು ಒರೆಸಿ ಹಾಕುವುದೂ ಹಲವೆಡೆ ನಡೆಯುತ್ತದೆ.

ಬಿಳಿ ನೊಣಗಳಲ್ಲಿ ತಾಳೆ ಜಾತಿಯನ್ನು ಹೆಚ್ಚು ಕಾಡಿದ್ದು ಸುರುಳಿಯಾಕಾರದಲ್ಲಿ ಮೊಟ್ಟೆಯಿಡುವ ರೂಗೋಸ್ ಬಿಳಿ ನೊಣ. ಬೆಲೀಜ್ ದೇಶದ ಮಾದರಿಗಳಿಂದ 2004ರಲ್ಲಿ ವಿವರಿಸಲಾದ ಈ ಕೀಟ 2009ರಲ್ಲಿ ಫ್ಲಾರಿಡಾದಲ್ಲಿಯೂ 2016ರಲ್ಲಿ ಭಾರತದ ತೆಂಗಿನ ತೋಟಗಳಲ್ಲಿಯೂ ಕಾಣಿಸಿಕೊಂಡಿತು. ಗರಿಯ ತಳದಲ್ಲಿ ಬಿಳಿ ಮೇಣ ಮೆತ್ತಿದ ಮೊಟ್ಟೆಗಳ ಸುರುಳಿ, ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ, ಮುಟ್ಟಿದರೂ ಸೋಮಾರಿಯಾಗಿ ಹಾರುವ ನೊಣ, ಕೆಳಗಿನ ಎಲ್ಲದರ ಮೇಲೂ ದಟ್ಟ ಮಸಿ ಇದರ ಗುರುತು.

ಬಿಳಿ ನೊಣದ ವಿಷಯದಲ್ಲಿ ಭೂತಗನ್ನಡಿ ಹಿಡಿದು ಖಾಲಿ ಕೋಶಗಳನ್ನು ನೋಡುವುದಕ್ಕಿಂತ ಉಪಯುಕ್ತವಾದ ಪರೀಕ್ಷೆ ಇಲ್ಲ. ಎಲೆಯ ತಳದ ಮೇಣವನ್ನು ಮೃದುವಾದ ಕುಂಚದಿಂದ ಸರಿಸಿದರೆ ಎಲೆಗೆ ಅಂಟಿಕೊಂಡ, ಮೊಟ್ಟೆಯಾಕಾರದ, ಚಪ್ಪಟೆ ಕೋಶಗಳು ಕಾಣುತ್ತವೆ. ನೊಣವೇ ಬೆಳೆದು ಹೊರಬಂದಿದ್ದರೆ ಕೋಶದ ಬೆನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿರುತ್ತದೆ. ಕೋಶದಲ್ಲಿ ಅಚ್ಚುಕಟ್ಟಾದ ದುಂಡು ತೂತಿದ್ದರೆ ಹೊರಬಂದದ್ದು ನೊಣವಲ್ಲ, ನೊಣದ ಮರಿಯನ್ನು ಒಳಗಿನಿಂದ ತಿಂದು ಬೆಳೆದ ಕಿರಿದಾದ ಪರಾವಲಂಬಿ ಕಣಜ. ರೂಗೋಸ್ ಬಿಳಿ ನೊಣಕ್ಕೆ ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣಜ ಈ ಕೆಲಸ ಮಾಡುತ್ತದೆ. ಬೇರೆ ಬೇರೆ ಗರಿಗಳಿಂದ ನೂರು ಖಾಲಿ ಕೋಶಗಳನ್ನು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ದುಂಡು ತೂತಿದ್ದರೆ, ನನ್ನ ಅಭಿಪ್ರಾಯದಲ್ಲಿ, ಆ ಮರಕ್ಕೆ ಕೀಟನಾಶಕ ಹೊಡೆಯುವುದು ತಪ್ಪು. ಕಣಜ ನೊಣಕ್ಕಿಂತ ಸುಲಭವಾಗಿ ಸಾಯುತ್ತದೆ, ಮತ್ತು ಮುಂದಿನ ತಲೆಮಾರಿನ ನೊಣಕ್ಕೆ ತಡೆಯೇ ಇಲ್ಲದಂತಾಗುತ್ತದೆ.

ತಾಳೆಯ ಸಸ್ಯಹೇನು ಎಲ್ಲರನ್ನೂ ಮೋಸಗೊಳಿಸುತ್ತದೆ. ಕಪ್ಪಗಿನ ಪುಟ್ಟ ಬಿಲ್ಲೆ, ಸುತ್ತಲೂ ಬಿಳಿ ಮೇಣದ ಅಂಚು, ಅಲುಗಾಟವಿಲ್ಲ. ನೋಡಿದವರು ಶಲ್ಕ ಕೀಟವೆಂದೋ ಬಿಳಿ ನೊಣದ ಮರಿಯೆಂದೋ ಬರೆದುಕೊಳ್ಳುತ್ತಾರೆ. ಎಳೆಯ ಗರಿ ಮತ್ತು ಸುಳಿಯಲ್ಲಿ ಗುಂಪಾಗಿರುವುದು, ಇರುವೆಗಳು ಬಿಡದೆ ಕಾಯುತ್ತಿರುವುದು ಇದರ ಸುಳಿವು. ಮೆದು ಶಲ್ಕ ಕೀಟಗಳು ಉಬ್ಬಿದ ಕಂದು ಗುಳ್ಳೆಗಳಂತಿದ್ದು, ಸೂಜಿಯಿಂದ ಎತ್ತಿದರೆ ಮೈಯೆಲ್ಲ ಒಟ್ಟಿಗೇ ಏಳುತ್ತದೆ. ಚಿಪ್ಪು ಬೇರೆ, ದೇಹ ಬೇರೆ ಎಂಬುದಿಲ್ಲ.

ಅಂಟು ಇಲ್ಲದಿರುವಾಗ

ಗಟ್ಟಿ ಚಿಪ್ಪಿನ ಶಲ್ಕ ಕೀಟದಲ್ಲಿ ಚಿಪ್ಪು ಮತ್ತು ದೇಹ ಬೇರೆ ಬೇರೆ. ತೆಂಗಿನ ಶಲ್ಕ ಕೀಟ ಇದರ ಒಳ್ಳೆಯ ಉದಾಹರಣೆ: ಎರಡು ಮಿಲಿಮೀಟರಿಗೂ ಮೀರದ, ದುಂಡಗಿನ, ಅರೆಪಾರದರ್ಶಕ ಚಿಪ್ಪು, ಅದರ ಕೆಳಗೆ ಹಳದಿ ದೇಹ. ಗರಿಯ ತಳದಲ್ಲಿ ಒತ್ತೊತ್ತಾಗಿ ಕೂತಾಗ ಮೇಲ್ಭಾಗದಲ್ಲಿ ಹಳದಿ ಮಚ್ಚೆಗಳು ಮೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೊಟ್ಟೆಯೊಡೆದ ಮರಿಗೆ ಕಾಲುಗಳಿರುತ್ತವೆ. ಅದು ಸ್ವಲ್ಪ ತೆವಳಿ ಅಥವಾ ಗಾಳಿಯಲ್ಲಿ ತೇಲಿಹೋಗಿ ಜಾಗ ಹಿಡಿದ ಮೇಲೆ ಹೆಣ್ಣು ಮತ್ತೆ ಕದಲುವುದಿಲ್ಲ. ಚಿಪ್ಪು ಬೆಳೆದ ಮೇಲೆ ಅದರ ಮೇಲೆ ಸುರಿದ ಸಾಮಾನ್ಯ ಔಷಧಿ ಬಹುಪಾಲು ವ್ಯರ್ಥ. ತೆವಳುವ ಮರಿಗಳ ಕಾಲವನ್ನು ಹಿಡಿಯಲು ಎರಡೂ ಬದಿಗೆ ಅಂಟಿರುವ ಟೇಪನ್ನು ಗರಿಯ ದಿಂಡಿಗೆ ಸುತ್ತಿ, ವಾರಕ್ಕೊಮ್ಮೆ ಬದಲಿಸಿ ಭೂತಗನ್ನಡಿಯಲ್ಲಿ ನೋಡಬೇಕು. ಹಳದಿ ಧೂಳಿನ ಕಣಗಳಂತೆ ಮರಿಗಳು ಅಂಟಿರುವ ವಾರವೇ ಸಿಂಪರಣೆಯ ವಾರ. ಈ ಕೀಟದ ಮೇಲೆ ಮಿತ್ರಜೀವಿ ಎಷ್ಟು ಪರಿಣಾಮ ಬೀರಬಲ್ಲದು ಎಂಬುದಕ್ಕೆ ಫಿಜಿ ದ್ವೀಪಗಳ ಉದಾಹರಣೆ ಇದೆ. ಟ್ರಿನಿಡಾಡಿನಿಂದ 1928ರಲ್ಲಿ ತಂದು ಬಿಟ್ಟ ಕ್ರಿಪ್ಟೊಗ್ನಾತಾ ನೋಡಿಸೆಪ್ಸ್ ಎಂಬ ಗುಲಗಂಜಿ ಹುಳು ಅಲ್ಲಿನ ತೆಂಗನ್ನು ಈ ಶಲ್ಕ ಕೀಟದಿಂದ ಪಾರುಮಾಡಿತು.

ಗರಿ ತನ್ನ ಹಸಿರನ್ನು ಕಳೆದುಕೊಂಡು ಧೂಳು ಹಿಡಿದಂತೆ ಮಂಕಾಗಿದ್ದು, ಹತ್ತಿರದಿಂದ ನೋಡಿದಾಗ ಸೂಜಿಮೊನೆಯ ಗಾತ್ರದ ತಿಳಿ ಚುಕ್ಕೆಗಳು ತುಂಬಿದ್ದರೆ ನುಸಿಯನ್ನು ಸಂಶಯಿಸಬೇಕು. ನುಸಿ ಕೀಟವಲ್ಲ, ಸಾಮಾನ್ಯವಾಗಿ ಎಂಟು ಕಾಲಿನ, ಜೇಡದ ಬಳಗದ ಜೀವಿ. ಈ ವ್ಯತ್ಯಾಸದಿಂದಾಗಿಯೇ ಹಲವು ಕೀಟನಾಶಕಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ನುಸಿಯನ್ನು ತಿನ್ನುವ ಜೀವಿಗಳನ್ನು ಕೊಂದು ಅದರ ಸಂಖ್ಯೆಯನ್ನು ಹೆಚ್ಚಿಸುವುದೂ ಉಂಟು. ಗರಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದಾಗ ಬಿದ್ದ ಕಣಗಳಲ್ಲಿ ಕೆಲವು ನಡೆಯತೊಡಗಿದರೆ, ಅವನ್ನು ಒತ್ತಿ ಎಳೆದಾಗ ಕಾಗದದ ಮೇಲೆ ಗೆರೆ ಮೂಡಿದರೆ ಸಂಶಯ ನಿಜವಾದಂತೆ. ಮನೆಯೊಳಗಿನ ಒಣ, ಬೆಚ್ಚನೆಯ ಗಾಳಿಯಲ್ಲಿರುವ ಪಾಮ್‌ಗಳಲ್ಲಿ ಬಲೆ ನೇಯುವ ಜೇಡ ನುಸಿ ಸಾಮಾನ್ಯ. ತೆಂಗಿನಲ್ಲಿ ಬರುವ ಕೆಂಪು ನುಸಿ ಬಲೆ ನೇಯುವುದಿಲ್ಲ. ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೂ ಕೆಂಪಾಗಿಯೇ ಇದ್ದು ಗರಿಯ ತಳದಲ್ಲಿ ನಡುಗಡ್ಡಿಯ ಪಕ್ಕ ಗುಂಪುಗೂಡುತ್ತದೆ. ತೆಂಗಿನ ಕಾಯಿಯನ್ನು ಹಾಳುಮಾಡುವ ನುಸಿ ಇವೆರಡಕ್ಕಿಂತ ಬಹಳ ಚಿಕ್ಕದು, ಸುಮಾರು ಕಾಲು ಮಿಲಿಮೀಟರ್. ಅದು ಕಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ ಅಡಗಿರುವುದರಿಂದ ನುಸಿಯನ್ನಲ್ಲ, ಅದರ ಗಾಯವನ್ನು ಹುಡುಕಬೇಕು: ಎಳೆಗಾಯಿಯಲ್ಲಿ ತೊಟ್ಟಿನ ಅಂಚಿನಿಂದ ಕೆಳಕ್ಕೆ ಇಳಿಯುವ ತಿಳಿ ಬಣ್ಣದ ತ್ರಿಕೋನ ಮಚ್ಚೆ, ಬರಬರುತ್ತ ಕಂದಾಗಿ ಬಿರಿದು ಒರಟಾಗುವ ಸಿಪ್ಪೆ.

ಥ್ರಿಪ್ಸ್ ಇದ್ದಲ್ಲಿ ಬೆಳ್ಳಿಯಂತೆ ಹೊಳೆಯುವ ಗೀರುಗಳೂ ಅವುಗಳ ಹಿಕ್ಕೆಯ ಕಪ್ಪು ಚುಕ್ಕೆಗಳೂ ಒಟ್ಟಿಗೇ ಕಾಣುತ್ತವೆ. ಬೆಳೆದ ಮರಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

ಕೀಟವಲ್ಲದ್ದನ್ನು ಕೀಟವೆಂದು ತಿಳಿಯುವುದೂ ಇದೇ ಹಂತದಲ್ಲಿ. ಹಲವು ಜಾತಿಯ ಪಾಮ್‌ಗಳ ಎಳೆಯ ಮಟ್ಟೆ ಮತ್ತು ಗರಿಗಳ ಮೇಲೆ ಹುಟ್ಟಿನಿಂದಲೇ ಬಿಳಿ ಅಥವಾ ಕಂದು ಹೊಟ್ಟಿನಂಥ ಪುಡಿ ಇರುತ್ತದೆ. ಅದು ಎಲ್ಲೆಡೆ ಸಮನಾಗಿ ಹರಡಿರುತ್ತದೆ, ಒರೆಸಿದರೆ ಹೋಗುತ್ತದೆ, ಅದರಡಿ ದೇಹವಿರುವುದಿಲ್ಲ. ಖರ್ಜೂರದ ಬಳಗದ ಮರಗಳಲ್ಲಿ ಬರುವ ಗ್ರಾಫಿಯೋಲಾ ಎಂಬ ಶಿಲೀಂಧ್ರ ಕಪ್ಪು ಗಂಟುಗಳನ್ನು ಮೂಡಿಸಿ ಶಲ್ಕ ಕೀಟವೆಂದೇ ಭ್ರಮೆ ಹುಟ್ಟಿಸುತ್ತದೆ. ಸೂಜಿಯಿಂದ ಮೀಟಿದರೆ ಚಿಪ್ಪು ಏಳದೆ ಎಲೆಯ ಚರ್ಮವೇ ಕಿತ್ತುಬರುತ್ತದೆ.

ಜೀವಂತವೋ, ಬರಿಯ ಸಿಪ್ಪೆಯೋ

ಅನಗತ್ಯ ಸಿಂಪರಣೆಯ ಬಹುಪಾಲು ಈ ಪರೀಕ್ಷೆಯನ್ನು ಬಿಟ್ಟಿದ್ದರಿಂದಲೇ ಆಗುತ್ತದೆ. ಶಲ್ಕ ಕೀಟ ಸತ್ತ ಮೇಲೂ ಅದರ ಚಿಪ್ಪು ತಿಂಗಳುಗಟ್ಟಲೆ ಗರಿಗೆ ಅಂಟಿಕೊಂಡಿರುತ್ತದೆ. ಬಿಳಿ ನೊಣದ ಖಾಲಿ ಕೋಶ ಮತ್ತು ಮೇಣವೂ ಹಾಗೆಯೇ. ಸೂಜಿಯ ಮೊನೆಯಿಂದ ಚಿಪ್ಪನ್ನು ಮಗುಚಿದಾಗ ತುಂಬಿಕೊಂಡ, ಹೊಳೆಯುವ ಹಳದಿ ದೇಹ ಕಂಡು, ಒತ್ತಿದರೆ ರಸ ಬಂದರೆ ಅದು ಜೀವಂತ. ಒಣಗಿ ಕಂದಾದ ಹೊಟ್ಟು ಉದುರಿದರೆ ಸತ್ತಿದೆ. ಮರದ ಬೇರೆ ಬೇರೆ ಭಾಗದ ಹತ್ತು ಎಲೆಗಳಲ್ಲಿ ತಲಾ ಹತ್ತು ಚಿಪ್ಪು ಮಗುಚಿ, ನೂರಕ್ಕೆ ಎಷ್ಟು ಜೀವಂತವೆಂದು ದಿನಾಂಕದೊಡನೆ ಬರೆದಿಡಬೇಕು. ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಸಂಖ್ಯೆಯೇ ಆಧಾರ.

ಇನ್ನೊಂದು ಮಾತು. ಹಾನಿಗೊಳಗಾದ ಗರಿ ಮತ್ತೆ ಹಸಿರಾಗುವುದಿಲ್ಲ. ತಾಳೆ ಜಾತಿಯ ಮರ ಒಂದೇ ಸುಳಿಯಿಂದ ಒಂದರ ನಂತರ ಒಂದರಂತೆ ಗರಿಗಳನ್ನು ಹೊರಡಿಸುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಚ್ಚುತ್ತದೆ. ಹಳೆಯ ಗರಿ ಇನ್ನೂ ಹಳದಿಯಾಗಿದೆಯೆಂದು ಔಷಧಿ ಫಲಿಸಲಿಲ್ಲ ಎನ್ನುವುದಕ್ಕೆ ಅರ್ಥವಿಲ್ಲ. ಚಿಕಿತ್ಸೆಯ ದಿನ ಅತಿ ಹೊಸದಾಗಿ ಬಿಚ್ಚಿದ ಗರಿಗೆ ಬಣ್ಣದ ದಾರ ಕಟ್ಟಿಟ್ಟರೆ, ಅದರ ಮೇಲೆ ಬಂದ ಗರಿಗಳಷ್ಟೇ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತವೆ.

ಹತೋಟಿ

ಕೈಗೆಟುಕುವ ಗಿಡವಾದರೆ ನೀರಿನಿಂದ ಆರಂಭಿಸಬೇಕು. ಗರಿಯ ತಳಭಾಗಕ್ಕೆ ರಭಸವಾಗಿ ನೀರು ಹಾಯಿಸಿದರೆ ನುಸಿ, ಸಸ್ಯಹೇನು, ಬಿಳಿ ನೊಣದ ಪ್ರೌಢ ಕೀಟಗಳ ದೊಡ್ಡ ಪಾಲು ಕೊಚ್ಚಿಹೋಗುತ್ತದೆ. ಕುಂಡದ ಗಿಡದ ಹಿಟ್ಟು ತಿಗಣೆಯನ್ನು ಶೇಕಡ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಸಂಪೂರ್ಣವಾಗಿ ಮುತ್ತಿದ, ಕೆಳಗೆ ಜೋತುಬಿದ್ದ ಒಂದೆರಡು ಗರಿಗಳನ್ನು ಕತ್ತರಿಸಿ ಸುಡಬಹುದು ಅಥವಾ ಹೂಳಬಹುದು; ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಕೀಟಕ್ಕಿಂತ ಕತ್ತಿಯೇ ಹೆಚ್ಚು ಹಾನಿ ಮಾಡಿದಂತಾಗುತ್ತದೆ. ಇರುವೆಗಳನ್ನು ತಡೆಯದೆ ಅಂಟು ಸುರಿಸುವ ಕೀಟಗಳನ್ನು ಹತೋಟಿಗೆ ತರುವುದು ಕಷ್ಟ, ಏಕೆಂದರೆ ಸಿಹಿಯ ಆಸೆಗೆ ಅವು ಮಿತ್ರಕೀಟಗಳನ್ನು ಓಡಿಸುತ್ತವೆ. ಕಾಂಡಕ್ಕೆ ಕಾಗದ ಸುತ್ತಿ ಅದರ ಮೇಲೆ ಅಂಟು ಬಳಿಯಬೇಕು, ಮತ್ತು ಗೋಡೆಗೋ ಬೇರೆ ಗಿಡಕ್ಕೋ ತಾಗಿರುವ ಗರಿಗಳನ್ನು ಬಿಡಿಸಬೇಕು. ಇಲ್ಲದಿದ್ದರೆ ಇರುವೆಗಳಿಗೆ ಅದೇ ಸೇತುವೆ.

ಮುಂದಿನ ಹೆಜ್ಜೆ ಸಾಬೂನು ಮತ್ತು ಎಣ್ಣೆ. ಸಸ್ಯಗಳಿಗೆಂದೇ ತಯಾರಿಸಿದ ಪೊಟ್ಯಾಸಿಯಂ ಸಾಬೂನನ್ನು ಶೇಕಡ 1ರಿಂದ 2ರ ಪ್ರಮಾಣದಲ್ಲಿಯೂ, ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 5 ಮಿಲಿಲೀಟರಿನಂತೆ ಸ್ವಲ್ಪ ಸಾಬೂನು ಬೆರೆಸಿ ಕದಡಿಯೂ ಬಳಸಬಹುದು. ಇವು ನೇರವಾಗಿ ತಾಗಿದ ಕೀಟದ ಮೇಲಷ್ಟೇ ಕೆಲಸ ಮಾಡುತ್ತವೆ; ಸಾಬೂನು ಒಣಗಿದ ಮೇಲೆ ಅದರ ಕೆಲಸ ಮುಗಿಯಿತು. ಹಾಗಾಗಿ ತಳಭಾಗ ಪೂರ್ತಿ ತೊಯ್ಯುವಂತೆ ಸಿಂಪಡಿಸಿ, ಏಳರಿಂದ ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಮಾಡದಿದ್ದರೆ ಮೊಟ್ಟೆಯಿಂದ ಹೊಸದಾಗಿ ಬಂದ ಮರಿಗಳು ಉಳಿದುಕೊಳ್ಳುತ್ತವೆ. ಗಡಸು ನೀರಿನಲ್ಲಿ ಸಾಬೂನು ಒಡೆದು ಕೆನೆಗಟ್ಟುತ್ತದೆ, ಅಂಥ ದ್ರಾವಣದಿಂದ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಅಥವಾ ನೀರಿಲ್ಲದೆ ಬಾಡಿದ ಮರಕ್ಕೆ ಸಿಂಪಡಿಸಿದರೆ ಗರಿ ಸುಡುತ್ತದೆ. ಸಂಜೆ ಹೊತ್ತು ಸೂಕ್ತ. ಸುಳಿಯೊಳಗೆ ಎಣ್ಣೆ ನಿಲ್ಲಬಾರದು. ನೀಲಿ ಅಥವಾ ಬೂದು ಛಾಯೆಯ ಪಾಮ್‌ಗಳಲ್ಲಿ ಆ ಬಣ್ಣ ಮೇಣದಿಂದ ಬಂದದ್ದು. ಎಣ್ಣೆ ತಾಗಿದರೆ ಆ ಮೇಣ ಕರಗಿ ಗರಿ ಹಸಿರು ಕಲೆಗಳಾಗಿ ಉಳಿಯುತ್ತದೆ. ಯಾವುದೇ ಮರವಾದರೂ ಮೊದಲು ಕೆಲವು ಎಲೆಗಳಿಗೆ ಸಿಂಪಡಿಸಿ ಮೂರು ನಾಲ್ಕು ದಿನ ಕಾದು ನೋಡುವುದು ಒಳ್ಳೆಯದು. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಉಪಯುಕ್ತ, ಆದರೆ ಗಂಧಕಕ್ಕೂ ಎಣ್ಣೆಗೂ ನಡುವೆ ಎರಡರಿಂದ ನಾಲ್ಕು ವಾರಗಳ ಅಂತರ ಬೇಕು. ಇಲ್ಲವಾದರೆ ಎರಡೂ ಸೇರಿ ಗರಿಯನ್ನು ಸುಡುತ್ತವೆ. ಕೀಟ ಇಳಿದ ಮೇಲೂ ಉಳಿದ ಮಸಿಯನ್ನು ಲೀಟರಿಗೆ 10 ಗ್ರಾಂ ಪಿಷ್ಟ ಬೇಯಿಸಿದ ತಿಳಿ ಗಂಜಿ ಸಿಂಪಡಿಸಿ ತೆಗೆಯಬಹುದು. ಗಂಜಿ ಒಣಗಿ ಸಿಪ್ಪೆಯಾಗಿ ಏಳುವಾಗ ಮಸಿಯೂ ಅದರೊಂದಿಗೆ ಉದುರುತ್ತದೆ.

ಮರದೊಳಗೆ ಹರಡುವ ಅಂತರ್ವ್ಯಾಪಿ ಕೀಟನಾಶಕಗಳು ಕೊನೆಯ ಆಯ್ಕೆ, ಮತ್ತು ಕೀಟದ ಗುಂಪು ತಿಳಿಯದೆ ಬಳಸಬಾರದ ಆಯ್ಕೆ. ಇಮಿಡಾಕ್ಲೋಪ್ರಿಡ್ ಆಹಾರನಾಳದ ರಸ ಹೀರುವ ಕೀಟಗಳನ್ನು ಕೊಲ್ಲಬಲ್ಲದು. ಗಟ್ಟಿ ಚಿಪ್ಪಿನ ಶಲ್ಕ ಕೀಟದ ಮೇಲೆ ಅದರ ಪರಿಣಾಮ ಅತ್ಯಲ್ಪ, ನುಸಿಯ ಮೇಲೆ ಇಲ್ಲವೇ ಇಲ್ಲ. ಹೊಂಬಾಳೆಗೆ ಜೇನುನೊಣ ಬರುತ್ತದೆ, ಕಾಯಿಯನ್ನು ತಿನ್ನುತ್ತೇವೆ. ಆದ್ದರಿಂದ ಫಲ ಬಿಡುವ ಮರಕ್ಕೆ ಆ ಬೆಳೆಗೆ ಅನುಮತಿ ಇರುವ ಔಷಧಿಯನ್ನು ಚೀಟಿಯಲ್ಲಿ ಹೇಳಿದ ಪ್ರಮಾಣ ಮತ್ತು ಕೊಯ್ಲಿನ ಅಂತರ ಮೀರದೆ ಬಳಸಬೇಕು. ಕಾಂಡಕ್ಕೆ ತೂತು ಕೊರೆದು ಔಷಧಿ ತುಂಬುವಾಗ ನೆನಪಿಡಬೇಕಾದದ್ದು, ತಾಳೆ ಜಾತಿಯ ಕಾಂಡದ ಗಾಯ ಬೇರೆ ಮರಗಳಂತೆ ಮುಚ್ಚಿಕೊಳ್ಳುವುದಿಲ್ಲ. ಕೊರೆದ ಪ್ರತಿ ತೂತೂ ಮರ ಇರುವವರೆಗೂ ಉಳಿಯುತ್ತದೆ.

ಫಲ ಕಾಣದಿದ್ದರೆ

ದಾರ ಕಟ್ಟಿದ ಗರಿಯ ಮೇಲೆ ಬಂದ ಹೊಸ ಗರಿಗಳಲ್ಲಿಯೂ ಜೀವಂತ ಕೀಟ ಮೊದಲಿನಷ್ಟೇ ಇದ್ದರೆ ಔಷಧಿಯನ್ನು ಬದಲಿಸುವ ಮುನ್ನ ಅದು ತಲುಪಿತ್ತೇ ಎಂದು ನೋಡಬೇಕು. ಸಿಂಪಡಿಸುವಾಗ ತಳಭಾಗಕ್ಕೆ ಕಾಗದದ ಚೂರೊಂದನ್ನು ಪಿನ್ನು ಮಾಡಿಟ್ಟು, ಮುಗಿದ ಮೇಲೆ ಅದು ತೊಯ್ದಿದೆಯೇ ಎಂದು ಪರಿಶೀಲಿಸಿದರೆ ಉತ್ತರ ತಿಳಿಯುತ್ತದೆ. ಎತ್ತರದ ಮರಗಳಲ್ಲಿ ಅದು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ತಲುಪಿದ್ದೂ ಕೀಟ ಮರಳಿದರೆ ಮೂಲ ಬೇರೆಡೆ ಇದೆ: ಕುಂಡದ ಗಿಡವನ್ನು ಮಣ್ಣಿನ ಸಮೇತ ಎತ್ತಿ ಬೇರಿನ ನಡುವೆ ಬಿಳಿ ಪುಡಿ ಇದೆಯೇ ನೋಡಬೇಕು, ಮಟ್ಟೆಯ ಬುಡದ ನಾರನ್ನು ಬಿಡಿಸಿ ನೋಡಬೇಕು, ಸುತ್ತಲಿನ ಬಾಳೆ, ಸೀಬೆ ಮತ್ತಿತರ ಗಿಡಗಳ ಎಲೆಯನ್ನೂ ಮಗುಚಬೇಕು, ಏಕೆಂದರೆ ರೂಗೋಸ್ ಬಿಳಿ ನೊಣಕ್ಕೆ ಅವೂ ಆಶ್ರಯ. ಹೊಸದಾಗಿ ತಂದ ಗಿಡವನ್ನು ಮೂರು ನಾಲ್ಕು ವಾರ ಉಳಿದವುಗಳಿಂದ ದೂರವಿಡಬೇಕು. ಸಾರಜನಕ ಗೊಬ್ಬರ ಅತಿಯಾಗಿದ್ದರೆ ಕಡಿಮೆ ಮಾಡಬೇಕು. ಮೆತ್ತಗೆ ಉಬ್ಬಿ ಬಂದ ಎಳೆಗರಿಯಲ್ಲಿ ಹೀರುವ ಕೀಟಗಳು ಬೇಗ ಹೆಚ್ಚುತ್ತವೆ. ಹೊಸ ಗರಿಗಳಲ್ಲಿ ಜೀವಂತ ಕೀಟದ ಸಂಖ್ಯೆ ನೂರಕ್ಕೆ ಹತ್ತರ ಕೆಳಗೆ ಇಳಿದು, ಗುಲಗಂಜಿ ಹುಳುಗಳೋ ದುಂಡು ತೂತಿನ ಕೋಶಗಳೋ ಕಾಣತೊಡಗಿದರೆ ನಾನು ಸಿಂಪರಣೆಯನ್ನು ಅಲ್ಲಿಗೇ ನಿಲ್ಲಿಸಿ, ತಿಂಗಳಿಗೊಮ್ಮೆ ಎಣಿಕೆಯನ್ನು ಮಾತ್ರ ಮುಂದುವರಿಸುತ್ತೇನೆ.